ಮಯೂರನ ಉಪ್ಪುನೀರು

ಇದನ್ನು ಕತೆ ಎಂದು ಕೇಳಬೇಡಿ. ಖಾರಘರದಲ್ಲಿ, ನಮ್ಮ ಜಯಶೀಲನ ಮನೆಯಲ್ಲಿ, ಹೋದ ವರ್ಷದ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಜೋರು ಮಳೆಯಲ್ಲಿ, ಆದದ್ದು. ಆ ಮನೆಗೆ ನೀವು ನಾಳೆಯೇ ಹೋಗಬಹುದು, ಕೂರಿಸಿ ಚಹಾ ಕೊಡುತ್ತಾರೆ.

ಜಯಶೀಲ ಉಡುಪಿ ಕಡೆಯವನು. ವಾಶಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಆ ರಾತ್ರಿ ಹೋಟೆಲು ಮುಚ್ಚಿ, ಲೋಕಲ್ ಹಿಡಿದು ಖಾರಘರದಲ್ಲಿ ಇಳಿದಾಗ ಸ್ಟೇಷನ್ ಹೊರಗೆ ಒಂದು ರಿಕ್ಷಾವೂ ಇರಲಿಲ್ಲ. ಮಳೆ ಆಗಷ್ಟೇ ಬಿಟ್ಟಿತ್ತು. ಕೈಯಲ್ಲಿ ದೊಡ್ಡ ಪ್ಲಾಸ್ಟಿಕ್ ಕ್ಯಾನ್, ಅದರ ತುಂಬ ಉಪ್ಪುನೀರು. ಹಳೇ ಊರಿನ ಒಳದಾರಿ ಹಿಡಿದ. ಅಲ್ಲೊಂದು ಆಲದ ಮರ. ಅದರ ಪಕ್ಕದಲ್ಲಿ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ ಬಾವಿ. ಸುತ್ತ ಅಷ್ಟೆತ್ತರದ ಕಟ್ಟಡಗಳು ಎದ್ದರೂ ಆ ಬಾವಿಯನ್ನು ಯಾರೂ ಮುಟ್ಟಿಲ್ಲ. ಯಾಕೆ ಎಂದು ಕೇಳಿದರೆ ಅಲ್ಲಿಯವರು ಮಾತು ಬದಲಿಸುತ್ತಾರೆ.

ಗುಳುಕ್… ಗುಳುಕ್… ಹೆಜ್ಜೆಗೆ ಸರಿಯಾಗಿ ಕ್ಯಾನಿನೊಳಗೆ ನೀರು ಅಲುಗುತ್ತಿತ್ತು. ಬಾವಿಯ ಹತ್ತಿರ ಕೈ ಸೋತು ನಿಂತ. ಕ್ಯಾನನ್ನು ನೆಲಕ್ಕಿಟ್ಟ.

ಗುಳುಕ್… ಗುಳುಕ್…

ಇಟ್ಟ ಕ್ಯಾನಿನ ನೀರು ಒಂದು ಗಳಿಗೆ ಅಲುಗೀತು, ಸರಿ. ಇದು ನಿಲ್ಲಲೇ ಇಲ್ಲ. ಆಮೇಲೆ ಬಾವಿಕಟ್ಟೆಯ ಕಡೆಯಿಂದ ಒಂದು ಪಿಸುಮಾತು.

"ಭಾರ ಉಂಡಾ?"

ತುಳು. ಭಾರ ಇದೆಯಾ ಎಂದು ಕೇಳಿದ್ದು. ಖಾರಘರದಲ್ಲಿ ತುಳುವರಿಗೇನು ಬರವೇ? ಯಾರೋ ನಮ್ಮವರೇ ಕಟ್ಟೆಯ ಮೇಲೆ ಕುಳಿತಿರಬೇಕು ಎಂದುಕೊಂಡ. ತಿರುಗಿ ನೋಡಲು ಮಾತ್ರ ಕುತ್ತಿಗೆ ಒಪ್ಪಲಿಲ್ಲ. "ಇಜ್ಜಿ" ಎಂದ, ಇಲ್ಲ ಎಂದು. ಮತ್ತೆ ಕ್ಯಾನ್ ಎತ್ತಿದ.

ಹಗುರವಾಗಿತ್ತು. ಹಿಡಿಕೆಯ ಆ ಕಡೆಯನ್ನು ಇನ್ನೊಂದು ಕೈ ಹಿಡಿದ ಹಾಗೆ. ಚಪ್… ಚಪ್… ಒದ್ದೆ ಚಪ್ಪಲಿಯ ಸದ್ದು ಅವನ ಹೆಜ್ಜೆಯ ಜೊತೆಗೇ ಬಂತು. ಸೊಸೈಟಿಯ ಗೇಟಿನ ಹತ್ತಿರ ಭಾರ ಒಮ್ಮೆಗೇ ತಿರುಗಿ ಬಂದು ಭುಜ ಜಗ್ಗಿತು. ಆಗ ನೋಡಿದ. ಯಾರೂ ಇಲ್ಲ. ವಾಚ್‌ಮನ್ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ.

ಉಪ್ಪುನೀರು ಯಾಕೆ ಹೊತ್ತು ತಂದ ಎಂದು ಕೇಳುತ್ತೀರಿ. ಹೇಳುತ್ತೇನೆ.

ಜಯಶೀಲನಿಗೆ ಇಬ್ಬರು ಮಕ್ಕಳು. ದೊಡ್ಡವನು ಮಯೂರ್, ಚಿಕ್ಕವಳು ನಿಕಿತಾ. ಮಯೂರನಿಗೆ ಮೀನಿನ ಹುಚ್ಚು. ಹಾಲಿನಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟು, ಸಮುದ್ರದ ಹಾಗೆಯೇ ಉಪ್ಪುನೀರು ಮಾಡಿ, ಕಲ್ಲು ಜೋಡಿಸಿ, ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿಯ ಎರಡು ಪುಟಾಣಿ ಮೀನು ಸಾಕಿದ್ದ. ಅವು ಬಂದ ಮೇಲೆ ಹುಡುಗ ಮೀನು ತಿನ್ನುವುದನ್ನೇ ಬಿಟ್ಟ! ಕರಾವಳಿಯ ಮನೆಯಲ್ಲಿ ಹುಟ್ಟಿ ಮೀನು ಬಿಟ್ಟವನೆಂದು ನಾವೆಲ್ಲ ಅವನನ್ನು ಎಷ್ಟು ಗೋಳು ಹೊಯ್ದುಕೊಂಡಿದ್ದೇವೋ. ಹೋದ ವರ್ಷದ ಮಳೆಗೆ ಮೊದಲೇ ಅವನಿಗೊಂದು ಜ್ವರ ಬಂತು. ಡೆಂಗಿ ಎಂದರು, ಪ್ಲೇಟ್‌ಲೆಟ್ ಎಂದರು. ವಾರ ಕಳೆಯುವುದರೊಳಗೆ ಹುಡುಗ ಇಲ್ಲ.

ಮೀನು ಉಳಿದವು. ತಾಯಿ ಸುಂದರಿ ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚುವ ಮೊದಲು ಅವಕ್ಕೆ ಕಾಳು ಹಾಕುತ್ತಿದ್ದಳು. ಅವುಗಳೊಡನೆ ಮಾತಾಡುತ್ತಿದ್ದಳು. ಮಗ ಬಿಟ್ಟುಹೋದ ಜೀವ ಎಂದರೆ ಅವೆರಡೇ ಅಲ್ಲವೇ?

ಆಟಿ ಬಂತು. ನಮ್ಮ ಕಡೆ ಆಟಿಯಲ್ಲಿ ಸತ್ತ ಮನೆಯವರಿಗೆ ಬಡಿಸುವ ಕ್ರಮ ಇದೆ, ಕುಲೆಗೆ ಬಡಿಸುವುದು ಎನ್ನುತ್ತಾರೆ. ಕೋಣೆಯಲ್ಲಿ ಎಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರಬೇಕು. ಒಂದು ಊಟ ಮುಗಿಯುವಷ್ಟು ಹೊತ್ತು ಒಳಗೆ ಇಣುಕಬಾರದು. ಆಮೇಲೆ ಹಿರಿಯರು ಕೆಮ್ಮಿ, ಉಂಡಾಯ್ತಾ ಎಂದು ಕೇಳಿ, ಬಾಗಿಲು ತೆಗೆಯುವುದು. ಖಾರಘರದ ಫ್ಲಾಟಿನಲ್ಲಿ ಹಾಗೆ ಬಿಟ್ಟುಕೊಡಲು ಇರುವುದು ಹಾಲ್ ಒಂದೇ. ಅಲ್ಲೇ, ತೊಟ್ಟಿಯ ಎದುರಿಗೇ ಎಲೆ ಹಾಕಿದರು.

ಊರಿನಿಂದ ಸತ್ಯಮ್ಮ ದೊಡ್ಡಮ್ಮ ಫೋನಿನಲ್ಲೇ ಎಲ್ಲ ಹೇಳಿಕೊಟ್ಟರು. "ಮಗಾ, ಒಳಗೆ ಒಂದು ಶಬ್ದ ಇರ್ಬಾರ್ದು. ಅವ ಹೊಸಬ, ಹೆದರ್ತಾನೆ. ಫ್ಯಾನು, ಫ್ರಿಜ್ಜು ಎಲ್ಲ ಬಂದ್ ಮಾಡು."

ಎಲ್ಲ ಎಂದರೆ ಎಲ್ಲ. ಜಯಶೀಲ ಒಂದೊಂದೇ ಸ್ವಿಚ್ಚು ಆರಿಸುತ್ತ ಹೋದ. ತೊಟ್ಟಿಯ ಪಂಪನ್ನೂ ಆರಿಸಿದ. ಟಕ್.

ಬಾಗಿಲು ತೆಗೆದಾಗ ಎಲೆ ಹಾಗೆಯೇ ಇತ್ತು. ಒಂದು ಅಗುಳೂ ಅಲುಗಿರಲಿಲ್ಲ. ಸುಂದರಿ ಅಲ್ಲೇ ಕುಸಿದು ಅತ್ತಳು. ನಿಕಿತಾ ಎಲೆ ನೋಡಿ, "ಮಮ್ಮಿ, ಬಂಗುಡೆ ಕ್ಯೂಂ ಬಡಿಸಿದ್ದು? ಭೈಯ್ಯಾ ಮಚ್ಛಿ ತಿಂತಾನೇ ಇರ್ಲಿಲ್ಲ" ಎಂದಳು. ಹೌದಲ್ಲ! ಅವನ ಮೀನಿನ ಎದುರಿಗೇ ಅವನಿಗೆ ಮೀನಿನ ಸಾರು. ಅದನ್ನು ಕೇಳಿ ಸುಂದರಿಯ ಅಳು ಇನ್ನೂ ಹೆಚ್ಚಾಯಿತು. ಅವಳನ್ನು ಸಮಾಧಾನ ಮಾಡುವುದರಲ್ಲಿ ಯಾರಿಗೂ ಪಂಪಿನ ನೆನಪಾಗಲಿಲ್ಲ.

ಬೆಳಿಗ್ಗೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ. ಮೀನು ಕಾಣುತ್ತಲೇ ಇಲ್ಲ. ಗಾಜಿಗೆ ಮೂಗು ತಾಗಿಸಿ ನೋಡಿದರೆ ಕಿತ್ತಳೆಯ ಒಂದು ನೆರಳು ಹತ್ತಿರ ಬಂದು ಮತ್ತೆ ಮಾಯ.

ಹಿತೇಶ್ ಎಂಬ ಹುಡುಗ, ಮಯೂರನ ಗೆಳೆಯ, ವಾಶಿಯಲ್ಲಿ ಸಾಕುವ ಮೀನಿನ ಅಂಗಡಿ ಇಟ್ಟಿದ್ದಾನೆ. ನಮ್ಮವರ ಮಗನೇ, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವನು ಬಂದು ನೋಡಿದ.

"ಅಂಕಲ್, ಪಂಪ್ ಬಂದ್ ಥಾ ಕ್ಯಾ?"

ಜಯಶೀಲ ತಲೆಯಾಡಿಸಿದ. ಸುಂದರಿ ಗಂಡನ ಮುಖ ನೋಡಲಿಲ್ಲ. ನೋಡಿ ಬೈದಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಹಿತೇಶ್ ಹೇಳಿದ್ದು ಇಷ್ಟು: ನೀರು ಓಡಾಡದೆ ನಿಂತರೆ ಅದನ್ನು ಶುದ್ಧ ಮಾಡುವ ಕಣ್ಣಿಗೆ ಕಾಣದ ಜೀವಗಳು ಉಸಿರುಕಟ್ಟಿ ಸಾಯುತ್ತವೆ, ಬೇಡದವು ಹುಟ್ಟಿಕೊಳ್ಳುತ್ತವೆ. ಆ ಬಿಳಿ ಅವೇ. ಅವು ನೀರಿನ ಉಸಿರನ್ನೆಲ್ಲ ಕುಡಿಯುತ್ತವೆ. ಕಾಳು ಕಡಿಮೆ ಹಾಕಿ, ಸ್ವಲ್ಪ ಸ್ವಲ್ಪವೇ ನೀರು ಬದಲಿಸಿ, ಪಂಪನ್ನು ಮಾತ್ರ ಇನ್ನೊಮ್ಮೆ ಆರಿಸಬೇಡಿ, ಆರಿಸಿದರೆ ಮೀನು ಉಳಿಯುವುದಿಲ್ಲ. ಅದಕ್ಕೇ ಆ ಕ್ಯಾನು. ಹದವಾಗಿ ಉಪ್ಪು ಕರಗಿಸಿದ ನೀರನ್ನು ಹಿತೇಶ್ ತುಂಬಿಸಿಡುತ್ತಿದ್ದ, ಜಯಶೀಲ ಹೋಟೆಲು ಮುಗಿಸಿ ಹೊತ್ತು ತರುತ್ತಿದ್ದ.

ತಂದ. ಹೊಯ್ದ. ತೆಗೆದ. ಮತ್ತೆ ಹೊಯ್ದ. ರಾತ್ರಿ ಸ್ವಲ್ಪ ತಿಳಿಯಾದಂತೆ ಕಾಣುತ್ತಿತ್ತು, ಬೆಳಿಗ್ಗೆ ಮತ್ತೆ ಬೆಳ್ಳಗೆ. ಕಲ್ಲಿನ ಕೆಳಗೆ ಸತ್ತ ಬಸವನಹುಳು ಒಂದು ಸಿಕ್ಕಿತು. ಇದೇ ಇರಬೇಕು ಎಂದು ಕುಣಿದು ಹೊರಗೆಸೆದರು. ಮರುದಿನ ಮತ್ತೆ ಬೆಳ್ಳಗೆ. ಶೋಧಿಸುವ ಸ್ಪಂಜು ಬದಲಿಸಿದರು, ಇದ್ದಿಲು ಹಾಕಿದರು. ಹಿತೇಶ್ ಸಣ್ಣ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಹನಿ ಹಾಕಿ, ಅಲುಗಿಸಿ, ಬಣ್ಣ ನೋಡಿದ. ಮತ್ತೆ ನೋಡಿದ.

"ಟೆಸ್ಟ್ ಮೇ ತೊ ಸಬ್ ಬರಾಬರ್ ಹೈ, ಅಂಕಲ್. ಪಾನಿ ಸಾಫ್ ಹೈ."

"ಸಾಫ್ ಎಂತದು ಮಾರಾಯ? ಕಣ್ಣಿಗೆ ಕಾಣ್ತದಲ್ಲ!"

ಹಿತೇಶ್ ನಳಿಗೆಯನ್ನು ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿಕೊಂಡ. ಆಮೇಲೆ ಅವನು ಕ್ಯಾನು ತುಂಬಿಸಿಕೊಟ್ಟನೇ ಹೊರತು ಮನೆಗೆ ಬರಲಿಲ್ಲ.

ಬಾವಿಯ ಹತ್ತಿರ ಕೇಳಿದ ಮಾತನ್ನು ಜಯಶೀಲ ಹೆಂಡತಿಗೆ ಹೇಳಿದ್ದು ಆಗಲೇ.

"ಅವನೇ," ಎಂದಳು ಸುಂದರಿ. "ಹಸಿದುಕೊಂಡು ತಿರುಗ್ತಾ ಇದ್ದಾನೆ."

ಸತ್ಯಮ್ಮ ದೊಡ್ಡಮ್ಮನಿಗೆ ಫೋನ್ ಹೋಯಿತು. "ಆಟಿ ನಾಳೆಗೆ ಮುಗೀತದೆ. ನಾಳೆಯೇ ಇನ್ನೊಮ್ಮೆ ಬಡಿಸಿ" ಎಂದರು ಅವರು. "ಮೀನು ಬೇಡ. ಆ ಪಂಪು ಎಂತದೋ, ಅದು ತಿರುಗ್ಲಿ. ಆದ್ರೆ ನಡುವೆ ಬಾಗಿಲು ತೆಗೀಬೇಡಿ. ಉಣ್ಣುವವನನ್ನು ಎಬ್ಬಿಸಿದ್ರೆ ಮತ್ತೆ ಆ ಮನೆ ಮೆಟ್ಟಿಲು ಹತ್ತುದಿಲ್ಲ."

ಮರುದಿನ ಸುಂದರಿ ನೀರ್ದೋಸೆ ಹೊಯ್ದಳು, ಕೋಳಿ ಸಾರು ಮಾಡಿದಳು. ಕತ್ತಲಾದ ಮೇಲೆ ಹಾಲಿನಲ್ಲಿ ಎಲೆ ಹಾಕಿ, ದೀಪ ಇಟ್ಟು, ಮೂವರೂ ಬೆಡ್‌ರೂಮಿಗೆ ಹೋಗಿ ಬಾಗಿಲು ಎಳೆದುಕೊಂಡರು. ಈ ಸಲ ಪಂಪ್ ಹಾಕಿಯೇ ಇತ್ತು. ಗುರ್‌ರ್… ಎಂದು ಬಾಗಿಲಿನಾಚೆ ಸಣ್ಣ ಸದ್ದು. ಸುಂದರಿ ಮಣಮಣ ಎಂದು ದೇವರ ಹೆಸರು ಹೇಳುತ್ತಿದ್ದಳು.

ಮೊದಲು ಎಲೆ ಸರಿದ ಸದ್ದು. ಸರ್…

ಸುಂದರಿ ಗಂಡನ ಕೈ ಹಿಡಿದಳು. ಅವಳ ಮುಖದಲ್ಲಿ ನಗು ಬಂತು, ನಿಜವಾಗಿಯೂ ನಗು. ಮತ್ತೆ ಸ್ಟೀಲ್ ಲೋಟ ನೆಲಕ್ಕೆ ಇಟ್ಟ ಸದ್ದು. ಠಣ್.

ಆಮೇಲೆ… ಟಕ್.

ಗುರ್‌ರ್ ನಿಂತಿತು.

"ಲೈಟ್ ಗಯಾ?" ನಿಕಿತಾ ಪಿಸುಗುಟ್ಟಿದಳು.

ಮೂವರೂ ತಲೆ ಎತ್ತಿದರು. ಬೆಡ್‌ರೂಮಿನ ಫ್ಯಾನು ತಿರುಗುತ್ತಲೇ ಇತ್ತು. ಕರೆಂಟ್ ಹೋಗಿರಲಿಲ್ಲ. ಹಾಲಿನಲ್ಲಿ ಯಾರೋ ಸ್ವಿಚ್ಚು ಆರಿಸಿದ್ದರು.

ಜಯಶೀಲನ ಕೈ ಬಾಗಿಲಿನ ಚಿಲಕದ ಮೇಲೆ ಹೋಯಿತು. ತೆಗೆದರೆ ಮಗ ಎಲೆ ಬಿಟ್ಟು ಎದ್ದು ಹೋಗುತ್ತಾನೆ, ಮತ್ತೆಂದೂ ಬರುವುದಿಲ್ಲ. ತೆಗೆಯದಿದ್ದರೆ ಆ ಕದಡಿದ ನೀರಿನಲ್ಲಿ ಮೀನು ಉಸಿರುಕಟ್ಟಿ ಸಾಯುತ್ತವೆ. ಏನು ಮಾಡಲಿ ಎಂದು ಹೆಂಡತಿಯ ಮುಖ ನೋಡಿದ.

"ಸುಂದರಿ… ಮೀನು…"

"ಬೇಡ. ಉಣ್ಣಲಿ."

"ಸಾಯ್ತಾವೆ ಸುಂದರಿ."

"ಉಣ್ಣಲಿ ಅಂದೆ." ಅವಳು ಅವನ ಮಣಿಕಟ್ಟು ಹಿಡಿದಳು. "ನನ್ನ ಮಗು ಎಷ್ಟು ದಿವ್ಸದಿಂದ ಉಂಡಿಲ್ಲ ಗೊತ್ತುಂಟಾ ನಿಮ್ಗೆ?"

ಚಿಲಕದಿಂದ ಕೈ ಇಳಿಯಿತು.

ಹಾಲಿನಲ್ಲಿ ತೊಟ್ಟಿಯ ಮುಚ್ಚಳ ಸರಿಯಿತು. ಕಿರ್‌ರ್… ನಿಧಾನವಾಗಿ, ಶಬ್ದವಾಗದಿರಲಿ ಎಂದು ಸರಿಸುವ ಹಾಗೆ. ಆಮೇಲೆ ನೀರಿನಲ್ಲಿ ಕೈ ಇಳಿದ ಸದ್ದು, ಪುಳಕ್. ಸ್ವಲ್ಪ ತಡೆದು ಇನ್ನೊಮ್ಮೆ, ಪುಳಕ್. ನಿಕಿತಾ ಕಿವಿ ಮುಚ್ಚಿಕೊಂಡಳು. ಮತ್ತೆ ಏನೂ ಇಲ್ಲ. ಫ್ಯಾನಿನ ಸದ್ದು ಒಂದೇ.

ಎಷ್ಟು ಹೊತ್ತು ಹಾಗೆ ಕುಳಿತರೋ. ಜಯಶೀಲ ಕೆಮ್ಮಿದ. "ಉಂಡಾಯ್ತಾ ಮಗಾ?" ಎಂದು ಕೇಳಿದ. ಬಾಗಿಲು ತೆಗೆದ.

ಪಂಪಿನ ಸ್ವಿಚ್ಚು ಆಫ್ ಆಗಿತ್ತು. ಎಲೆಯ ಮೇಲೆ ನೀರ್ದೋಸೆ ಒಂದು ಮುರಿದಿತ್ತು, ಸಾರಿನಲ್ಲಿ ಅದ್ದಿದ ಗುರುತು ಇತ್ತು. ತೊಟ್ಟಿಯ ನೀರು ತಿಳಿಯಾಗಿತ್ತು. ಹಿಂದಿನ ಗೋಡೆಯ ಮೇಲಿನ ಕ್ಯಾಲೆಂಡರಿನ ಅಕ್ಷರವನ್ನು ನೀರಿನ ಮೂಲಕ ಓದಬಹುದಿತ್ತು, ಅಷ್ಟು ತಿಳಿ.

ಮೀನು ಇರಲಿಲ್ಲ.

ಕಲ್ಲು ಎತ್ತಿ ನೋಡಿದರು. ಪಂಪಿನ ಡಬ್ಬಿ ಬಿಚ್ಚಿದರು. ಸ್ಟ್ಯಾಂಡಿನ ಹಿಂದೆ, ಸೋಫಾದ ಕೆಳಗೆ ಟಾರ್ಚು ಬಿಟ್ಟು ಹುಡುಕಿದರು. ನೆಲದ ಮೇಲೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ಬಾಲ್ಕನಿಯ ಬಾಗಿಲಿಗೂ ಮುಂಬಾಗಿಲಿಗೂ ಒಳಗಿನಿಂದ ಅಗುಳಿ ಹಾಕಿದ್ದು ಹಾಕಿದ ಹಾಗೇ ಇತ್ತು.

ಸುಂದರಿ ಎಲೆಯ ಎದುರು ಕುಳಿತು ಮುರಿದ ದೋಸೆಯನ್ನು ಬೆರಳಿನಿಂದ ಮುಟ್ಟಿದಳು. "ಉಂಡ," ಎಂದಳು. ಖುಷಿಯಾಗಿಯೇ ಹೇಳಿದಳು. ಮತ್ತೆ ತೊಟ್ಟಿ ನೋಡಿದಳು, ಬಹಳ ಹೊತ್ತು. ನೋಡುತ್ತ ನೋಡುತ್ತ ಆ ಮುಖ ಇಳಿದುಹೋಯಿತು.

"ಇವರೇ… ಅವನದ್ದು ಅಂತ ಇದ್ದದ್ದನ್ನೂ ತಗೊಂಡು ಹೋದ. ಇನ್ನು ಯಾಕೆ ಬರ್ತಾನೆ ಅವ?"

ಮಗನನ್ನು ಸುಟ್ಟು ಬಂದ ದಿನವೂ ಅಳದ ಜಯಶೀಲ ಅವತ್ತು ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅತ್ತ.

ಈ ವರ್ಷದ ಆಟಿಯಲ್ಲಿ ಮತ್ತೆ ಬಡಿಸಿದರು. ಅದೇ ನೀರ್ದೋಸೆ, ಅದೇ ಕೋಳಿ ಸಾರು. ಬಾಗಿಲು ತೆಗೆದಾಗ ಎಲೆ ಇಟ್ಟ ಹಾಗೇ ಇತ್ತು.

ತೊಟ್ಟಿಯನ್ನು ಅವರು ತೆಗೆದಿಲ್ಲ. ಪಂಪ್ ಹಾಕಿಲ್ಲ, ನೀರೂ ಬದಲಿಸಿಲ್ಲ. ನಿಂತ ನೀರು ನಾರಬೇಕು, ಪಾಚಿ ಕಟ್ಟಬೇಕು. ಕಟ್ಟಿಲ್ಲ. ನಿಕಿತಾ ಕಾಲೇಜಿನಲ್ಲಿ ವಿಜ್ಞಾನ ಓದುವವಳು, ಇಂಥದ್ದನ್ನೆಲ್ಲ ಒಪ್ಪುವವಳಲ್ಲ. ನೀರು ಎಂದ ಮೇಲೆ ಆವಿಯಾಗಲೇಬೇಕು, ಇಳಿಯಲೇಬೇಕು ಎಂದು ಹಟ ಹಿಡಿದು, ನೀರು ಎಲ್ಲಿಯವರೆಗೆ ಇತ್ತೋ ಅಲ್ಲಿಗೆ ಗಾಜಿನ ಹೊರಗಿನಿಂದ ಹೋದ ವರ್ಷವೇ ಒಂದು ತುಂಡು ಕಪ್ಪು ಟೇಪು ಅಂಟಿಸಿದ್ದಳು. ಬೇಸಿಗೆ ಬಂದು ಹೋಯಿತು. ಇಲ್ಲಿಯ ಬೇಸಿಗೆಯಲ್ಲಿ ಬಕೆಟ್ಟಿನ ನೀರು ಎಷ್ಟು ದಿನ ನಿಲ್ಲುತ್ತದೆ ಎಂದು ನಿಮಗೇ ಗೊತ್ತು.

ನಾನು ಹೋದ ವಾರ ಆ ಮನೆಯಲ್ಲಿ ಕುಳಿತು ಚಹಾ ಕುಡಿದು ಬಂದೆ. ಸುಳ್ಳು ಹೇಳಿ ನನಗೇನು ಆಗಬೇಕು? ಟೇಪಿನ ಅಂಚು ಸುರುಳಿ ಸುತ್ತಿ ಎದ್ದಿದೆ. ನೀರು ಟೇಪಿನ ಮಟ್ಟದಲ್ಲೇ ಇದೆ.