ಇಲ್ಲದ ಕಾರ್ಡಿನ ನಂಬರು

ದೀಪ ಸಣ್ಣ ಮಾಡಿ. ಬಾಗಿಲ ಚಿಲಕ ಹಾಕಿದ್ದೀರಾ? ಸರಿ... ಹತ್ತಿರ ಬನ್ನಿ. ಇದು ಯಾರೋ ಯಾರಿಗೋ ಹೇಳಿದ ಮಾತಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ನಂಬದವರು ಈಗಲೇ ಎದ್ದು ಮಲಗಬಹುದು, ನನ್ನದೇನೂ ಅಭ್ಯಂತರ ಇಲ್ಲ.

ಅವಳನ್ನು ಎಲ್ಲರೂ ವೈರಕ್ಕ ಅಂತಲೇ ಕರೆಯುವುದು. ಕಂಪ್ಯೂಟರ್ ರಿಪೇರಿ ಅವಳ ಕೆಲಸ. ಬ್ಯಾಗಿನ ತುಂಬ ವೈರು, ಜಡೆಗೆ ಕ್ಲಿಪ್ಪು ಸಿಗದ ದಿನ ಅಲ್ಲೂ ಒಂದು ತುಂಡು ವೈರು. ಗಂಡ, ಅಂದರೆ ನಮ್ಮ ಭಾವ, ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸ ನಡೆಸುವವರು. ಆ ದಿನ ಅವಳಿಗೂ ಅದೇ ಮಿಲ್ಲಿನಲ್ಲಿ ಕೆಲಸ ಬಿದ್ದಿತ್ತು. ಸಂಜೆ ಭಾವ ಮಿಲ್ಲಿಗೆ ಬೀಗ ಹಾಕಿದರು, ಇಬ್ಬರೂ ಮನೆ ಕಡೆ ನಡೆದುಕೊಂಡು ಹೊರಟರು. ಕತ್ತಲಾಗಿತ್ತು.

ಮಿಲ್ಲಿನ ಗೋಡೆ ಮುಗಿಯುವಲ್ಲಿ ಒಂದು ಪಾಳು ಬಾವಿ. ಅದರ ಪಕ್ಕ ಬಂದಾಗ ವೈರಕ್ಕ ನಿಂತಳು.

ಟಿಕ್... ಟಿಕ್ ಟಿಕ್... ಟಿಕ್.

ಕಪ್ಪೆ ಹೀಗೆ ಕೂಗುವುದಿಲ್ಲ. ಅವಳು ಕಟ್ಟೆಯ ಮೇಲೆ ಬಗ್ಗಿದಳು. ಕೆಳಗೆ, ನೀರಿನ ಮೇಲಲ್ಲ, ನೀರಿನ ಒಳಗೆ... ಸಾಸಿವೆಯಷ್ಟು ಹಸಿರು ಬೆಳಕು. ಮಿಟುಕುತ್ತಿತ್ತು. ಆ ಮಿಟುಕು ಅವಳಿಗೆ ಚೆನ್ನಾಗಿ ಗೊತ್ತು. ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ವೈರಿನಲ್ಲಿ ಮಾತಾಡುವಾಗ ನೆಟ್‌ವರ್ಕ್ ಕಾರ್ಡಿನ ದೀಪ ಹಾಗೇ ಮಿಟುಕುತ್ತದೆ.

"ರೀ... ಇಲ್ಲಿ ನೋಡಿ."

"ಶ್..." ಭಾವ ಅವಳ ರಟ್ಟೆ ಹಿಡಿದರು. "ಅದು ಬಿಡು. ಅಲ್ಲಿ ಕೇಳು."

ಮಿಲ್ಲಿನ ಒಳಗಿಂದ ಬರುತ್ತಿತ್ತು. ಝೂ...ಮ್‌ಮ್‌ಮ್. ಗರಗಸ ತಿರುಗುತ್ತಿತ್ತು. ಬೀಗದ ಕೈ ಭಾವನ ಜೇಬಿನಲ್ಲೇ ಇತ್ತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ನಿಮಗೆ ತಲೆಬುಡ ಗೊತ್ತಾಗುವುದಿಲ್ಲ. ಆ ಗರಗಸ ಎರಡು ದೊಡ್ಡ ಚಕ್ರಗಳ ಮೇಲೆ ಸುತ್ತುವ ಉಕ್ಕಿನ ಪಟ್ಟಿ, ಅಂಚಿಗೆಲ್ಲ ಹಲ್ಲು. ದಿಮ್ಮಿಯನ್ನು ಕಬ್ಬಿಣದ ಕೊಕ್ಕೆಗಳಲ್ಲಿ ಕಚ್ಚಿಸಿಕೊಂಡು ಹಳಿಯ ಮೇಲಿನ ಗಾಡಿ ಅದರತ್ತ ಹೋಗುತ್ತದೆ. ಗಾಜಿನ ಕೋಣೆಯ ಕಂಪ್ಯೂಟರಿನಿಂದ ಇದನ್ನೆಲ್ಲ ನಡೆಸಬಹುದು. ಆದರೆ ಗರಗಸ ಒಂದೇ ಒಂದು ನಂಬರಿನ ಮಾತು ಕೇಳುತ್ತದೆ. ಮನೆಗೆ ಬಾಗಿಲ ನಂಬರ್ ಇದ್ದ ಹಾಗೆ, ಕಂಪ್ಯೂಟರಿನ ಕಾರ್ಡಿಗೂ ಒಂದು ನಂಬರು.

ಮೊದಲು ಆ ಗರಗಸ ನಡೆಸುತ್ತಿದ್ದದ್ದು ಮೀಸೆ ಮಾವ. ಭಾವನಿಗೆ ಕೈಹಿಡಿದು ಕೆಲಸ ಕಲಿಸಿದವರು ಅವರೇ. ಸಿಕ್ಕಿಕೊಂಡ ಚಕ್ಕೆ ತೆಗೆಯಲು ಗರಗಸಕ್ಕೆ ಕೈ ಹಾಕಿದ್ದಾಗ ಅದು ಶುರುವಾಗಿ ಮಾವನನ್ನು ಎಳೆದುಕೊಂಡಿತ್ತು. ಎದೆಯವರೆಗೆ. ಕಂಪ್ಯೂಟರಿನ ಕಾರ್ಡು ಕೆಟ್ಟು ತಾನಾಗಿ ಶುರುವಾಯಿತು ಅಂದರು ಧಣಿ, ಮಿಲ್ಲಿನ ಯಜಮಾನರು. ಆಮೇಲೆ ಬಹಳ ದಿನ ಕೈಯಲ್ಲೇ ಗರಗಸ ನಡೆಸಿದರು. ಈಗ ಕೆಲಸ ಜಾಸ್ತಿಯಾಗಿ, ಹೊಸ ಕಾರ್ಡು ಹಾಕಿಕೊಡು ಅಂತ ವೈರಕ್ಕನನ್ನು ಕರೆಸಿದ್ದರು.

ಅವಳು ಹೊಸದನ್ನು ಕೂರಿಸಿ ಹಳೆಯ ನಂಬರು ಕೊಡಲು ಹೋದಾಗ ಕಂಪ್ಯೂಟರ್ ಒಂದು ಪ್ರಶ್ನೆ ಕೇಳಿತು. 'ಈ ನಂಬರು ಬೇರೆ ಕಾರ್ಡಿನ ಹೆಸರಿನಲ್ಲಿದೆ. ಆ ಕಾರ್ಡು ಈಗ ಇಲ್ಲಿಲ್ಲ. ಅದರಿಂದ ನಂಬರು ತೆಗೆದುಹಾಕಲೇ?' ಕಾರ್ಡು ಕಿತ್ತರೂ ಅದರ ಗುರುತು ಕಂಪ್ಯೂಟರಿನ ಒಳಗೆ ಮರೆಯಾಗಿ ಉಳಿದಿರುತ್ತದೆ, ಬೂದಿ ಮುಚ್ಚಿದ ಕೆಂಡ. ಅದನ್ನು ಹುಡುಕಿ ಅಳಿಸಬೇಕು. ಇವಳಿಗದು ಗೊತ್ತಿಲ್ಲವೇ? ಗೊತ್ತು. ಆದರೆ ಧಣಿ ತಲೆ ಮೇಲೆ ಕೂತು "ಬೇಗ ಬೇಗ ಮುಗಿಸಮ್ಮಾ" ಅನ್ನುತ್ತಿದ್ದರು. ಇಲ್ಲದ ಕಾರ್ಡು ಏನು ಮಾಡೀತು ಅಂತ 'ಬೇಡ' ಒತ್ತಿ ಎದ್ದುಬಿಟ್ಟಳು. ರಿಪೇರಿಯವರೆಲ್ಲ ಮಾಡುವ ತಪ್ಪೇ ಅದು.

ಬಾವಿಯ ಹತ್ತಿರ ನಿಂತಾಗ ಆ 'ಬೇಡ' ನೆನಪಾಗಿ ಅವಳು ಕಟ್ಟೆಯಿಂದ ಹಿಂದೆ ಸರಿದಳು.

"ಮನೆಗೆ ಹೋಗೋಣ ರೀ."

"ಪಟ್ಟಿ ಕಾದು ಮರದ ಪುಡಿಗೆ ಬೆಂಕಿ ಹತ್ತಿದ್ರೆ? ಮೇನ್ ಇಳಿಸಿ ಬಂದ್ಬಿಡೋಣ ಬಾ."

ಬೀಗ ತೆಗೆದರು. ಒಳಗೆ ಒಂದೂ ದೀಪ ಇಲ್ಲ. ಗಾಜಿನ ಕೋಣೆಯ ಕಂಪ್ಯೂಟರ್ ಪರದೆ ಮಾತ್ರ ಬೆಳಗುತ್ತಿತ್ತು. ಭಾವ ಗೋಡೆ ತಡವಿ ಮೇನ್ ಸ್ವಿಚ್ಚಿನ ಹಿಡಿ ಕೆಳಗೆಳೆದರು. ಖಟಕ್. ಗರಗಸ ನಿಧಾನವಾಯಿತು... ಝೂಮ್... ಝೂ... ನಿಂತಿತು.

"ನೋಡು, ಇಷ್ಟೇ," ಅಂದರು ಭಾವ. ಪಟ್ಟಿ ಬಿಸಿಯಾಗಿದೆಯೇ ನೋಡಲು ಗಾಡಿಯ ಪಕ್ಕ ಹೋಗಿ, ಅದರ ಮೇಲಿದ್ದ ದಿಮ್ಮಿಗೆ ಬೆನ್ನು ಕೊಟ್ಟು ಬಗ್ಗಿದರು.

ಮೇನ್ ಇಳಿದೇ ಇತ್ತು, ಕಂಪ್ಯೂಟರ್ ಪರದೆ ಮಾತ್ರ ಬ್ಯಾಟರಿಯ ಮೇಲೆ ಬೆಳಗುತ್ತಿತ್ತು. ಆದರೂ... ಟಕ್.

ಕೊಕ್ಕೆಗಳು ಎದ್ದು ಹಿಂದಿನಿಂದ ಭಾವನ ಅಂಗಿಯ ಎರಡೂ ಹೆಗಲು ಕಚ್ಚಿದವು. ಗರ್ರ್ ಅಂತ ಎಳೆದು ಬೆನ್ನನ್ನು ದಿಮ್ಮಿಗೆ ಅಂಟಿಸಿದವು. ಕೈಗಳು ತಿರುಚಿ ಹಿಂದೆ ಸಿಕ್ಕಿಕೊಂಡು ಮೂಳೆ ಲಟಕ್ಕೆಂದಿತು. ಗರಗಸ ಮತ್ತೆ ಝೇಂಕರಿಸಿತು. ಗಾಡಿ ಹೊರಟಿತು.

"ನಿಲ್ಸು! ನಿಲ್ಸು ಕಣೇ!"

ವೈರಕ್ಕ ಗಾಜಿನ ಕೋಣೆಗೆ ನುಗ್ಗಿದಳು. ಪರದೆಯ ಮೇಲಿನ 'ನಿಲ್ಲಿಸು' ಗುಂಡಿಗೆ ಮೌಸ್ ಒತ್ತಿದಳು. ಗಾಡಿ ನಿಂತಿತು. ಉಸಿರು ಬಿಡುವಷ್ಟರಲ್ಲಿ ಮತ್ತೆ ಹೊರಟಿತು. ಒತ್ತಿದಳು. ನಿಂತಿತು. ಹೊರಟಿತು... ಒಂದೇ ಒರೆಯಲ್ಲಿ ಎರಡು ಕತ್ತಿ. ಒಂದೇ ನಂಬರಿನಲ್ಲಿ ಇಬ್ಬರು ಕೂತಿದ್ದರು. ಇವಳು ನಿಲ್ಲು ಅಂದರೆ ಹಳೆಯ ಕಾರ್ಡಿನಲ್ಲಿ ಕೂತವನು ನಡೆ ಅನ್ನುತ್ತಿದ್ದ. ಒಂದೊಂದು ಸಲಕ್ಕೂ ಭಾವನ ತಲೆ ಪಟ್ಟಿಗೆ ಒಂದು ಗೇಣು ಹತ್ತಿರ.

ಹಳೆಯ ಕಾರ್ಡಿನ ಗುರುತು ಅಳಿಸಿದರೆ ಮುಗಿಯಿತು. ಆದರೆ ಅದಕ್ಕೆ ಮೌಸನ್ನು 'ನಿಲ್ಲಿಸು' ಗುಂಡಿಯಿಂದ ತೆಗೆಯಬೇಕು. ಮೌಸ್ ಒಂದೇ. ಅದನ್ನು ತೆಗೆದ ಹೊತ್ತಿಗೆ ಗಂಡ ಉಳಿಯುವುದಿಲ್ಲ.

ಸದ್ದು ಕೇಳಿ ಪಕ್ಕದ ಮನೆಯಿಂದ ಧಣಿ ಓಡಿಬಂದರು. ಕೈಯಲ್ಲಿ ಟಾರ್ಚು.

"ಧಣೀ! ಅಲ್ಲಿ ಚಾಕು ಇದೆ! ಅಂಗಿ ಕುಯ್ದು ಇವರನ್ನ ಬಿಡಿಸಿ!"

ಧಣಿ ಚಾಕು ಎತ್ತಿಕೊಂಡು ಒಂದು ಹೆಜ್ಜೆ ಇಟ್ಟರು. ಗರಗಸದ ಸದ್ದು ಏರಿತು. ಇನ್ನೊಂದು ಹೆಜ್ಜೆ ಇಟ್ಟರು. ಕೀಂ... ಅಂತ ಚೀರಿತು. ಧಣಿಯ ಕೈಯಿಂದ ಚಾಕು ಬಿತ್ತು.

"ನಾನು ಬರಲ್ಲ," ಅಂದರು, ಪಿಸುಗುಟ್ಟಿದ ಹಾಗೆ. "ಅವನು ನನ್ನನ್ನ ಕರೀತಿದಾನೆ."

"ಯಾರು?"

"ಅವತ್ತು ಈ ಕೋಣೇಲಿ ಕೂತು ಶುರು ಮಾಡಿದ್ದು ನಾನೇ... ಕೈ ತೆಗಿ ಅಂತ ಕೂಗಿದ್ದೆ. ಅವನಿಗೆ ಕೇಳಿಸ್ಲಿಲ್ಲ. ಕೆಲಸ ನಿಂತಿತ್ತಲ್ಲ..."

"ಆ ಕಾರ್ಡು?"

"ಕಿತ್ತು ಬಾವಿಗೆ ಎಸೆದೆ. ಪರೀಕ್ಷೆ ಮಾಡಿದ್ರೆ ಅದು ಕೆಟ್ಟಿಲ್ಲ ಅಂತ ಗೊತ್ತಾಗ್ತಿತ್ತು."

ಅಷ್ಟು ಹೇಳಿ ಧಣಿ ಕಾಲಿಗೆ ಬುದ್ಧಿ ಹೇಳಿದರು. ಬಾಗಿಲ ಕಡೆ ಓಡಿದರು, ತಿರುಗಿಯೂ ನೋಡದೆ. ಕೊಯ್ದವನಿಗೆ ಕನಿಕರ ಎಲ್ಲಿಂದ ಬರಬೇಕು ಹೇಳಿ!

ಭಾವನ ತಲೆಗೂದಲು ಪಟ್ಟಿಗೆ ಸೋಕಿ ಚರ್ ಅಂದಿತು. ಸುಟ್ಟ ಕೂದಲ ವಾಸನೆ ಗಾಜಿನ ಕೋಣೆಯವರೆಗೂ ಬಂತು. ಒತ್ತುತ್ತಾ ಕೂತರೂ ಹೋಗುತ್ತಾರೆ, ಬಿಟ್ಟರೂ ಹೋಗುತ್ತಾರೆ. ವೈರಕ್ಕನಿಗೆ ಅಳು ಬಂತು, ಆ ಅಳುವಿನಲ್ಲೇ ಕೂಗಿದಳು.

"ಮೀಸೆ ಮಾವಾ! ಇವರು ನಿಮ್ಮ ಶಿಷ್ಯ! ನಿಮ್ಮ ಕೈಲಿ ಕೆಲಸ ಕಲಿತವರು!"

ಮೌಸನ್ನು ಗುಂಡಿಯಿಂದ ತೆಗೆದಳು.

ಕಂಪ್ಯೂಟರಿನ ಒಳಗಿನ ಕಾರ್ಡುಗಳ ಯಾದಿ ತೆರೆದಳು. ಮರೆಯಾದದ್ದನ್ನೂ ತೋರಿಸು ಅಂದಳು. ಎರಡು ಕಾರ್ಡು ಬಂದವು. ಇಲ್ಲದ ಕಾರ್ಡಿನ ಹೆಸರು ಯಾವಾಗಲೂ ಮಸುಕಾಗಿ ಕಾಣಬೇಕು. ಅಲ್ಲಿ ಹಳೆಯದು ಸ್ಪಷ್ಟವಾಗಿತ್ತು. ಮಸುಕಾಗಿದ್ದದ್ದು ಇವಳು ಅದೇ ದಿನ ಕೂರಿಸಿದ ಹೊಸ ಕಾರ್ಡು. ಹಳೆಯದರ ಮೇಲೆ ಒತ್ತಿ, ಅಳಿಸು ಅಂದಳು. 'ನಿಜವಾಗಿಯೂ?' ಅಂತ ಕೇಳಿತು. ಹೌದು ಅಂದು ಕಣ್ಣು ಮುಚ್ಚಿಕೊಂಡಳು.

ಫಟಾರ್!

ಉಕ್ಕಿನ ಪಟ್ಟಿ ಹರಿದಿತ್ತು. ಸುಂಯ್... ಅಂತ ಗಾಳಿ ಸೀಳಿಕೊಂಡು ಹೋದದ್ದು ಕೇಳಿಸಿತು. ಬಾಗಿಲ ಹತ್ತಿರ ಹಸಿ ಮರಕ್ಕೆ ಕೊಡಲಿ ಬಿದ್ದಂಥ ಸದ್ದು. ಟಾರ್ಚು ನೆಲಕ್ಕೆ ಬಿದ್ದು ಉರುಳಿತು... ಆಮೇಲೆ ಒಂದೂ ಸದ್ದಿಲ್ಲ.

ಧಣಿ ಹೊಸ್ತಿಲ ಮೇಲೆ ಬಿದ್ದಿದ್ದರು. ಎರಡೂ ಕೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಎದೆ ಅಡ್ಡಡ್ಡ ಸೀಳಿ ರಕ್ತ ಮರದ ಪುಡಿಯಲ್ಲಿ ಇಂಗುತ್ತಿತ್ತು. ಬಾಯಿ ಏನೋ ಹೇಳುವಂತೆ ಅಲ್ಲಾಡಿತು, ನಿಂತಿತು.

ವೈರಕ್ಕ ಆ ಕಡೆ ಹೋಗಲಿಲ್ಲ. ಗಾಡಿಯ ಹತ್ತಿರ ಓಡಿದಳು. ಗಂಡನ ತುಂಡುಗಳನ್ನು ನೋಡಬೇಕಾಗುತ್ತದೆ ಅಂತಲೇ ಓಡಿದಳು. ಭಾವ ಗೋಡೆಗೆ ಒರಗಿ ಕೂತಿದ್ದರು. ಬರಿಮೈ. ಹೆಗಲು ಊದಿತ್ತು, ನೆತ್ತಿಯ ಕೂದಲು ಸುಟ್ಟಿತ್ತು. ಬೇರೆ ಒಂದು ಗೀರೂ ಇಲ್ಲ.

"ಹೇಗೆ ಬಿಡಿಸ್ಕೊಂಡ್ರಿ?"

"ನಾನೆಲ್ಲಿ ಬಿಡಿಸ್ಕೊಂಡೆ..." ಅಂದರು ಭಾವ. ಅಷ್ಟೇ. ಇವತ್ತಿಗೂ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಹಳೆಯ ಪಟ್ಟಿ, ಸವೆದು ಹರಿಯಿತು ಅಂದರು ಪೊಲೀಸರು. ಮೇನ್ ಇಳಿದಿತ್ತಲ್ಲ ಅಂತ ಕೇಳಿದ್ದಕ್ಕೆ, ಗಾಬರಿಯಲ್ಲಿ ನಿಮಗೆ ಹಾಗನ್ನಿಸಿದೆ ಅಂದರು. ಅನ್ನಲಿ. ಅವರು ಆ ಅಂಗಿ ಸರಿಯಾಗಿ ನೋಡಿಲ್ಲ. ನಾನು ನೋಡಿದ್ದೀನಿ, ಕೈಯಾರೆ ಮುಟ್ಟಿದ್ದೀನಿ. ಕೊಕ್ಕೆಗೆ ನೇತಾಡುತ್ತಿದ್ದದ್ದನ್ನು ಅಕ್ಕ ಹಾಗೇ ತಂದು ಇಟ್ಟಿದ್ದಾಳೆ. ಹೆಗಲ ಮೇಲೆ ಕೊಕ್ಕೆ ಕಚ್ಚಿದ ತೂತು ಬಿಟ್ಟರೆ ಒಂದು ಎಳೆ ಹರಿದಿಲ್ಲ. ಕತ್ತಿನ ಗುಂಡಿಯಿಂದ ಕೆಳಗಿನವರೆಗೆ, ಎರಡೂ ತೋಳಿನ ಗುಂಡಿಗಳೂ ಸೇರಿ... ಒಂದನ್ನೂ ಬಿಚ್ಚಿಲ್ಲ.