ಅಕ್ಕನ ನಾಲ್ಕು ಕನ್ನಡಕಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಕನ್ನಡಕ ವ್ಯಾಪಾರಿಗಳ ಸಂಘದ ಬಂಧುಗಳೇ, ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಅಕ್ಕಾ, ಸಭಿಕರೇ,

ನಾಲ್ಕು ಕನ್ನಡಕ, ಐದು ತಿಂಗಳು, ಒಂದು ಕಣ್ಣು. ಈ ಸನ್ಮಾನಕ್ಕೆ ಬಿದ್ದ ಖರ್ಚು ಇಷ್ಟು.

ಬಿನ್ನವತ್ತಳೆಯಲ್ಲಿ ಈಗಷ್ಟೇ ಓದಿದರು: "ಇವರ ಅಂಗಡಿಗೆ ಬಂದ ಒಬ್ಬ ಗಿರಾಕಿಯೂ ಮೂವತ್ತು ವರ್ಷಗಳಲ್ಲಿ ಬೇರೆ ಬಾಗಿಲು ತಟ್ಟಲಿಲ್ಲ." ನೀವು ಚಪ್ಪಾಳೆ ಹೊಡೆದಿರಿ. ಯಾಕೆ ಹೊಡೆದಿರಿ ಸ್ವಾಮಿ? ನನ್ನ ಅಂಗಡಿಯಲ್ಲೊಂದು ಬೋರ್ಡಿತ್ತು: "ಸರಿಹೋಗುವ ತನಕ ಗಾಜು ಬದಲಿಸಿ ಕೊಡಲಾಗುವುದು." ಫುಟ್‌ಪಾತಿನಲ್ಲಿ ಕನ್ನಡಕ ಮಾರುತ್ತಿದ್ದವನು ಮೇಲೆ ಬಂದದ್ದು ಆ ಬೋರ್ಡಿನಿಂದ. ತಪ್ಪಾಯಿತು, ಅಕ್ಕ ಹೊಲಿಗೆ ಯಂತ್ರ ತುಳಿದು ಕೂಡಿಟ್ಟ ದುಡ್ಡಿನಿಂದ. ಬೋರ್ಡು ಬಂದದ್ದು ಆಮೇಲೆ.

ಹೋದ ವರ್ಷ ಅಕ್ಕ, "ಸೂಜಿಗೆ ದಾರ ಹೋಗ್ತಿಲ್ಲ ಕಣೋ, ಎಲ್ಲಾ ಮಂಜು ಮಂಜು" ಎಂದಳು. ಗಾಜು ಬದಲಿಸಿದೆ. ಮತ್ತೆ ಬಂದಳು, ಮತ್ತೆ ಬದಲಿಸಿದೆ. ಮೂಗಿನಿಂದ ರಕ್ತ ಬರುತ್ತಿದೆ ಎಂದಳು. ಕನ್ನಡಕ ಮೂಗಿಗೆ ಒತ್ತುತ್ತಿರಬೇಕೆಂದು ಸಡಿಲಿಸಿ ಕೊಟ್ಟೆ.

ನಮ್ಮಲ್ಲಿ ಕಣ್ಣು ಪರೀಕ್ಷಿಸುವ ಮೇಡಂ ಎರಡನೇ ಸಲವೇ ಹೇಳಿದ್ದರು: "ಸರ್, ಇದು ನಂಬರಿನ ತೊಂದರೆ ಅಲ್ಲ. ಆಸ್ಪತ್ರೆಗೆ ಕಳಿಸಿ, ಕಣ್ಣಿನ ಹಿಂಭಾಗ ನೋಡ್ಲಿ."

"ಸ್ವಂತ ಅಕ್ಕನ್ನೇ ಹೊರಗೆ ಕಳಿಸಿದ್ರೆ ಜನ ಏನಂತಾರೆ? ನೀವು ನಂಬರ್ ಬರೀರಿ" ಅಂದೆ.

ನಾಲ್ಕನೆಯದನ್ನು ಕೊಟ್ಟಾಗ ಅಕ್ಕ, "ನಾಲ್ಕನ್ನೂ ಒಂದರ ಮೇಲೊಂದು ಹಾಕ್ಕೊಂಡ್ರೆ ಕಾಣುತ್ತೇನೋ?" ಎಂದಳು. ನಾನು ನಕ್ಕೆ. ಮೇಡಂ ನಗಲಿಲ್ಲ. ನನ್ನನ್ನು ಕೇಳದೆ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದರು.

ಅಪರೂಪದ ರಕ್ತದ ಕ್ಯಾನ್ಸರು. ರಕ್ತ ಪಾಕದಂತೆ ಗಟ್ಟಿಯಾಗಿ ಕಣ್ಣೊಳಗಿನ ನಾಳಗಳು ಉಬ್ಬಿ ಒಡೆದಿದ್ದವು, ಕಣ್ಣಿನ ನರ ಊದಿತ್ತು. ಯಂತ್ರಕ್ಕೆ ಹಾಕಿ ರಕ್ತ ತಿಳಿಯಾಗಿಸಿದರು. ಬಲಗಣ್ಣು ಮರಳಿತು. ಎಡಗಣ್ಣಿನ ನರ ಅಷ್ಟರಲ್ಲಿ ಸತ್ತಿತ್ತು. "ಮೂರು ತಿಂಗಳು ಮೊದ್ಲೇ ಬಂದಿದ್ರೆ ಎರಡೂ ಉಳೀತಿತ್ತೇನೋ" ಎಂದರು ಡಾಕ್ಟರು. ಮೂರು ತಿಂಗಳ ಹಿಂದೆ ನಾನು ಏನು ಮಾಡುತ್ತಿದ್ದೆ? ಫ್ರೇಮಿನ ಬಣ್ಣ ಆರಿಸುತ್ತಿದ್ದೆ.

ಮೇಡಂಗೆ ಏನು ಮಾಡಿದೆ ಎಂದು ಕೇಳುವಿರಾ? ಆಸ್ಪತ್ರೆಯ ವರದಿ ಬರುವ ಮೊದಲೇ ಕೆಲಸದಿಂದ ತೆಗೆದಿದ್ದೆ. ವಾಪಸು ಕರೆಯಲು ಹೋದರೆ, "ಮೊದ್ಲು ಆ ಬೋರ್ಡು ಇಳಿಸಿ ಸರ್" ಅಂದರು. ಇವತ್ತು ಬೆಳಗ್ಗೆ ಇಳಿಸಿದೆ. ಒಂದು ವರ್ಷ ಬೇಕಾಯಿತು.

ಅಧ್ಯಕ್ಷರೇ, ಬಿನ್ನವತ್ತಳೆಯ ಆ ಸಾಲು ಹೊಡೆದುಹಾಕಿ. ಗಾಜು ಬದಲಿಸಿದರೂ ಮಂಜು ಎನ್ನುವವರನ್ನು ಕಣ್ಣಿನ ಡಾಕ್ಟರ ಬಳಿಗೆ ಕಳಿಸುತ್ತೇವೆಂದು ಬರೆದು ಎಲ್ಲರೂ ರುಜು ಹಾಕಿ. ಅಲ್ಲಿಯವರೆಗೆ ಈ ಪದಕ ನಿಮ್ಮ ಮೇಜಿನ ಮೇಲೇ ಇರಲಿ.

ಕೊನೆಗೆ ಯಾರಿಗೇನು ಸಿಕ್ಕಿತು? ಸಂಘಕ್ಕೆ ಒಂದು ಸಮಾರಂಭ. ನನಗೆ ಹೆಸರು. ಅಕ್ಕನಿಗೆ ಒಂದು ಕಣ್ಣು, ಅದೂ ನನ್ನಿಂದಲ್ಲ. ಅದನ್ನು ಉಳಿಸಿದ ಮೇಡಂಗೆ ಈವರೆಗೆ ಏನೂ ಇಲ್ಲ.

ಇಷ್ಟು ಹೊತ್ತು ನನ್ನನ್ನು ಸಹಿಸಿದಿರಿ, ಕೃತಜ್ಞ. ನಮಸ್ಕಾರ.