ಕಟ್ಟಿಗೆಯೊಳಗಿನ ಮೀನು

ಜಮಖಂಡಿಯ ನಿಲ್ದಾಣದಲ್ಲಿ ಮುಧೋಳದ ಬಸ್ಸಿಗೆ ಕಾಯುತ್ತಿದ್ದ ಕಸ್ತೂರೆವ್ವನ ಪಕ್ಕದಲ್ಲೇ ಅಕ್ಕ ತಮ್ಮ ಜಗಳಕ್ಕೆ ನಿಂತಿದ್ದರು. ಇಬ್ಬರೂ ಯಾವುದೋ ಸಾಹುಕಾರರ ವಾಡೆಯ ಆಳುಗಳೆಂದು ಮಾತಿನಲ್ಲೇ ಗೊತ್ತಾಯಿತು. ಕಸ್ತೂರೆವ್ವ ಎಲೆಗೆ ಸುಣ್ಣ ಹಚ್ಚುತ್ತ ಕಿವಿಗೊಟ್ಟಳು.

“ಮೀನಿನ ತೊಟ್ಟಿಗಿ ಕೈ ಹಾಕಾಕ ನಿನಗ ಯಾರ ಹೇಳಿದ್ರು ಯಕ್ಕಾ?”

“ಅದರಾಗಿನ ಕಟಿಗಿ ಕೊಳತು ನಾರಾಕತ್ತಿತ್ತೋ ಅಮಸಿದ್ದಾ. ತಗದು ಬಿಸಲಿಗಿ ಇಟ್ನಿ. ಮೀನ ಎಲ್ಲಿತ್ತು? ಮೂರ ತಿಂಗಳಿಂದ ಬರೇ ನೀರ ನೋಡೇನಿ.”

“ಹಗಲಿ ಹೊರಗ ಬರೂ ಜಾತಿ ಅಲ್ಲದು! ಕಟಿಗಿ ಸಂದ್ಯಾಗ ಹೊಕ್ಕೊಂಡ ಮಲಗತೈತಿ. ಕತ್ತಲಾದ ಮ್ಯಾಲ ಎರಿಹುಳ ಹಾಕಿದ್ರ ಬರತಿತ್ತು. ಅಮೇರಿಕಾದಿಂದ ಹಡಗಿನ್ಯಾಗ ಬಂದ ಜೀವ, ನಿನ್ನ ಕೈಯಾಗ ಹೋತು!”

“ಒಂದಿನಾರ ನನಗ ಹೇಳಿದ್ದೇನು? ಕಟಿಗಿ ಝಾಡಿಸೇ ಇಟ್ಟೇನಿ. ಏನೂ ಬೀಳಲಿಲ್ಲ.”

“ಹೆಂಗ ಬೀಳತೈತಿ? ಅಂಜಿದ್ರ ಮುಳ್ಳ ಊರಿ ಇನ್ನಷ್ಟ ಗಟ್ಟಿ ಹಿಡಕೋತೈತಿ, ದನಿನೂ ಮಾಡತೈತಿ. ಸಾಹುಕಾರ್ರ ಮುಂದ ನೀನ ಹೇಳ. ನಾ ಬಾಯಿ ಬಿಡೂದಿಲ್ಲ.”

ಆಗಿನ ಮುಂಬೈ ಸರ್ಕಾರದ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಮಹಾಲಿಂಗಪುರದ್ದು. ಅಕ್ಕನ ದನಿ ಇಳಿಯಿತು.

“ಬಿಸಲಾಗ ಆ ಕಟಿಗಿ ಕಿರ್ ಕಿರ್ ಅಂತಿತ್ತೋ ತಮ್ಮಾ. ಒಣಗಾಕತ್ತೈತಿ ಅಂದ್ಕೊಂಡ್ನಿ.”

“ಎಷ್ಟೊತ್ತು?”

“ನಾ ಉಂಡ ಏಳೂತನಕ.”

ತಮ್ಮ ಬಸ್ಸು ಹತ್ತಿದ. ಪಕ್ಕದ ಜಾಗದಲ್ಲಿ ತನ್ನ ಗಂಟು ಇಟ್ಟುಕೊಂಡು ಕುಳಿತ. ಅಕ್ಕ ಕಂಬಿ ಹಿಡಿದು ನಿಂತೇ ಹೋದಳು.